ಉಲ್ಕಾರಾಣಿಗೆ ಮಾತು ಬರೆದವಳು

ಉಲ್ಕಾರಾಣಿ ಹನ್ನೊಂದು ವರ್ಷದಿಂದ ವಾರಕ್ಕೊಂದು ಸಲ ಲೋಕವನ್ನು ಕಾಪಾಡುತ್ತ ಬಂದಿದ್ದಳು. ಅವಳ ಮಾತುಗಳನ್ನು ಕೈಯಾರೆ ಬರೆಯುತ್ತಿದ್ದವಳು ಮಾತ್ರ ವಾರಕ್ಕೆ ಆರು ದಿನ, ಒಂಬತ್ತೂವರೆಯ ಬಸ್ಸಿನಲ್ಲಿ ಒಂಟಿಕಾಲಿನ ಮೇಲೆ ನಿಂತು, ಹಳೆಯ ಮುದ್ರಣಾಲಯವೊಂದರ ಎರಡನೇ ಮಹಡಿಗೆ ಬಂದು ತಲುಪುತ್ತಿದ್ದಳು. ಹಾರಿಕೊಂಡು ಬರುವ ಸೌಕರ್ಯವನ್ನು ಆಡಳಿತ ಅವಳಿಗೆ ಒದಗಿಸಿರಲಿಲ್ಲ.

ಅದು ಚಿತ್ರಕಥೆಗಳ ವಾರಪತ್ರಿಕೆ. ಕಥೆ ಹೆಣೆಯುತ್ತಿದ್ದವರು ಸಂಪಾದಕರು. ಚಿತ್ರ ಬರೆಯುತ್ತಿದ್ದವರು ಒಬ್ಬ ವಯಸ್ಸಾದ ಚಿತ್ರಗಾರರು. ಬಾಯಿ ಆಡಿದರೆ ಕೈ ಅಲುಗುತ್ತದೆ ಎಂದು ನಂಬಿ ಮಾತನ್ನೇ ಬಿಟ್ಟವರು. ಅವರು ಪ್ರತಿ ಮನುಷ್ಯನ ತಲೆಯ ಮೇಲೂ ಒಂದೊಂದು ಖಾಲಿ ಗುಳ್ಳೆ ಬಿಟ್ಟು ಹಾಳೆಯನ್ನು ಇವಳ ಮೇಜಿಗೆ ಕಳಿಸುತ್ತಿದ್ದರು. ಇವಳು ಪೆನ್ಸಿಲ್ಲಿನಲ್ಲಿ ತೆಳ್ಳನೆ ಗೆರೆ ಎಳೆದು, ನಿಬ್ಬನ್ನು ಕಪ್ಪು ಶಾಯಿಯಲ್ಲಿ ಅದ್ದಿ, ಸಂಪಾದಕರು ಕೊಟ್ಟ ಮಾತುಗಳನ್ನು ಆ ಗುಳ್ಳೆಗಳಲ್ಲಿ ತುಂಬುತ್ತಿದ್ದಳು. ಅಕ್ಷರಗಳು ಎಷ್ಟು ದುಂಡಗೆ ಬರುತ್ತಿದ್ದವೆಂದರೆ ಕಚೇರಿಯಲ್ಲಿ ಅವಳಿಗೆ 'ಗುಂಡಕ್ಷರ' ಎಂದೇ ಹೆಸರು. ಸಂಪಾದಕರಿಗೆ 'ನಿರ್ದಾಕ್ಷಿಣ್ಯ', 'ದುಷ್ಟನಿಗ್ರಹ', 'ಕರ್ತವ್ಯಭ್ರಷ್ಟ' ಇಂಥ ಮಾತುಗಳ ಮೇಲೆ ಬಹಳ ಪ್ರೀತಿ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟನ್ನು ಗುದ್ದದ ಹಾಗೆ ಅವನ್ನೆಲ್ಲ ಒಂದು ನಿಂಬೆಹಣ್ಣಿನಷ್ಟು ಜಾಗದಲ್ಲಿ ಕೂರಿಸುವುದು ನಿಜವಾಗಿ ಅಲೌಕಿಕ ಶಕ್ತಿಯ ಕೆಲಸ. ಆದರೆ ಅದಕ್ಕೆ ಯಾರೂ ಚಪ್ಪಾಳೆ ಹೊಡೆಯುತ್ತಿರಲಿಲ್ಲ. ಚಪ್ಪಾಳೆ ಎಲ್ಲಾ ಸೇತುವೆ ಎತ್ತುವವರಿಗೆ.

ಉಲ್ಕಾರಾಣಿ ಹಗಲು ಹೊತ್ತು ಟೆಲಿಫೋನ್ ಕಚೇರಿಯಲ್ಲಿ ಲೈನು ಜೋಡಿಸುವ ಹುಡುಗಿ. ಆಕಾಶದಿಂದ ಬಿದ್ದ ಕಲ್ಲಿನ ಚೂರೊಂದು ಅವಳ ತಲೆಯ ಕ್ಲಿಪ್ಪಿನಲ್ಲಿತ್ತು; ಅದನ್ನು ಮುಡಿದರೆ ಶಕ್ತಿ ಬರುತ್ತಿತ್ತು. ಬೆನ್ನ ಹಿಂದೆ ಒಂದು ಕೆಂಪು ಬಟ್ಟೆ ಹಾರುತ್ತಿತ್ತು. ಕಚೇರಿಯವರು ಅದನ್ನು ರೆಕ್ಕೆಬಟ್ಟೆ ಎನ್ನುತ್ತಿದ್ದರು. ಅವಳಿಗೊಬ್ಬ ಪ್ರಿಯತಮ. ಹವಾಮಾನ ಇಲಾಖೆಯ ಅಧಿಕಾರಿ. ಬಿಸಿಲು ಎಂದು ಇವನು ಹೇಳಿದ ದಿನ ಪ್ರವಾಹ ಬರುತ್ತಿತ್ತು, ಆ ಪ್ರವಾಹದಲ್ಲಿ ಇವನೇ ಕೊಚ್ಚಿಹೋಗುತ್ತಿದ್ದ, ಅವಳು ಬಂದು ಎತ್ತುತ್ತಿದ್ದಳು. ಒದ್ದೆ ಬಟ್ಟೆಯಲ್ಲೇ ಅವನು "ನನ್ನನ್ನು ವರಿಸುವೆಯಾ?" ಎಂದು ಕೇಳುತ್ತಿದ್ದ. "ಲೋಕದಲ್ಲಿ ಅನ್ಯಾಯ ಅಳಿದ ಮೇಲೆ" ಎಂದು ಅವಳು ಹಾರಿಹೋಗುತ್ತಿದ್ದಳು. ಅನ್ಯಾಯ ಅಳಿಯುವ ಯಾವ ಲಕ್ಷಣವೂ ಇಲ್ಲದ್ದರಿಂದ ಪತ್ರಿಕೆ ಚೆನ್ನಾಗಿ ನಡೆಯುತ್ತಿತ್ತು.

ಗುಂಡಕ್ಷರಳಿಗೂ ಒಬ್ಬ ಇದ್ದ. ಪ್ರೂಫು ತಿದ್ದುವವನು. ಪದಕ್ಕೊಂದು ಸಲ ನಿಂತು, ಯೋಚಿಸಿ, ಮುಂದಿನ ಪದ ಆಡುತ್ತಿದ್ದುದರಿಂದ ಅವನನ್ನು ಎಲ್ಲರೂ 'ಅಲ್ಪವಿರಾಮ' ಎಂದು ಕರೆಯುತ್ತಿದ್ದರು. ನಾಲ್ಕು ವರ್ಷದಿಂದ ಇಬ್ಬರೂ ತಾರಸಿಗೆ ಹೋಗುವ ಮೆಟ್ಟಿಲ ಮೇಲೆ ಕೂತು ಮಧ್ಯಾಹ್ನದ ಡಬ್ಬಿ ಬಿಚ್ಚುತ್ತಿದ್ದರು. ಮೊದಲಿಗೆ ಅವನು ಮೇಲಿನ ಮೆಟ್ಟಿಲು, ಇವಳು ಅದಕ್ಕಿಂತ ಒಂದು ಕೆಳಗೆ. ಎರಡನೇ ವರ್ಷದಲ್ಲಿ ಒಂದೇ ಮೆಟ್ಟಿಲಿಗೆ ಬಂದಿದ್ದರು. ಆ ವೇಗದಲ್ಲಿ ಸಾಗಿದರೆ ಮದುವೆಯ ಮಾತು ಇಬ್ಬರ ನಿವೃತ್ತಿಯ ಹೊತ್ತಿಗೆ ಬರಬಹುದಿತ್ತು. ಆದರೂ ಇವಳಿಗೆ ಅವನು ಇಷ್ಟ. ತಪ್ಪು ಹುಡುಕುವುದೇ ಕೆಲಸವಾದ ಮನುಷ್ಯ ನಾಲ್ಕು ವರ್ಷದಲ್ಲಿ ಒಂದು ಸಲವೂ ಇವಳ ತಪ್ಪನ್ನು ಇನ್ನೊಬ್ಬರ ಎದುರಿಗೆ ಎತ್ತಿ ಆಡಿರಲಿಲ್ಲ. ಹಾಳೆಯ ಅಂಚಿನಲ್ಲಿ ಸಣ್ಣಗೆ "ಇಲ್ಲಿ ಒಂದು ದೀರ್ಘ ಬಿಟ್ಟುಹೋಗಿದೆ, ಬಿಡುವಾದಾಗ ನೋಡಿ" ಎಂದು ಬರೆಯುತ್ತಿದ್ದ.

ಮನೆಯಲ್ಲಿ ಅಣ್ಣ, ಅತ್ತಿಗೆ, ಅವರ ಇಬ್ಬರು ಹೆಣ್ಣುಮಕ್ಕಳು. ಮೂವತ್ತಮೂರು ವರ್ಷದ ನಾದಿನಿಯನ್ನು ಅತ್ತಿಗೆ ವಾರಕ್ಕೊಮ್ಮೆ ವಿಚಾರಣೆಗೆ ಕರೆಯುತ್ತಿದ್ದಳು.

"ಏನಾದ್ರೂ ಅಂದ್ನಾ ಇವತ್ತು?"

"ಬಿಸಿಲು ಜಾಸ್ತಿ ಅಂದ್ರು."

"ಅಷ್ಟೇನಾ? ಅದನ್ನ ಹೇಳೋಕೆ ಎಷ್ಟು ಹೊತ್ತು ತಗೊಂಡ?"

"ಡಬ್ಬಿ ಖಾಲಿ ಆಗೋವರೆಗೂ."

ಅತ್ತಿಗೆ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಹೀಗಿರುವಾಗ ಸಂಪಾದಕರ ಎರಡು ಕಣ್ಣಿಗೂ ಪೊರೆ ಬಂತು. ಒಂದಾದ ಮೇಲೊಂದು ಆಪರೇಷನ್, ಐದು ವಾರ ರಜೆ. ಕೆಳಗಿನ ಮಹಡಿಯಲ್ಲಿ ಯಂತ್ರಗಳ ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದ ಯಜಮಾನರು ಅಲ್ಪವಿರಾಮನನ್ನು ಕರೆಸಿದರು. ಯಜಮಾನರು ತಮ್ಮ ಪತ್ರಿಕೆಯನ್ನು ಓದುತ್ತಿರಲಿಲ್ಲ; ಓದುಗರ ಪತ್ರಗಳನ್ನು ಮಾತ್ರ ಓದುತ್ತಿದ್ದರು, ಅವು ಚಿಕ್ಕದಾಗಿರುತ್ತವೆ ಎಂದು.

"ಐದು ವಾರ ನೀವೇ ಕುರ್ಚಿ ನೋಡ್ಕೊಳ್ಳಿ. ಕಥೆನೂ ನೀವೇ ಬರೀರಿ," ಎಂದರು. "ಒಂದು ವಿಷ್ಯ. ಗಂಡಸರಿಗೆ ಈ ಪತ್ರಿಕೆ ಕೈಲಿ ಹಿಡ್ಕೊಳ್ಳೋಕೇ ನಾಚಿಕೆಯಂತೆ, ಪತ್ರ ಬಂದಿದೆ. ಆ ಹವಾಮಾನದವನು ಯಾವಾಗ್ಲೂ ಬೀಳ್ತಾನೇ ಇರ್ತಾನಂತೆ. ಒಂದು ಸಲ ಅವನಿಗೂ ಶಕ್ತಿ ಕೊಟ್ಟುಬಿಡಿ. ಒಂದೇ ಸಂಚಿಕೆ. ಪರ್ಮನೆಂಟ್ ಬೇಡ."

ಹವಾಮಾನದವನಿಗೆ ಶಕ್ತಿ ಬರುವ ಮೊದಲೇ ಅಲ್ಪವಿರಾಮನಿಗೆ ಬಂದುಬಿಟ್ಟಿತು. ಸಂಪಾದಕರ ಮೇಜಿನ ಮೇಲೆ ಒಂದು ಹಿತ್ತಾಳೆ ಗಂಟೆ ಇತ್ತು. ಸಂಪಾದಕರು ಅದನ್ನು ಕಾಗದ ಹಾರದಂತೆ ಇಡಲು ಬಳಸುತ್ತಿದ್ದರು. ಇವನು ಅದನ್ನು ಬಾರಿಸಿದ. ಯಾರೂ ಬರಲಿಲ್ಲ, ಏಕೆಂದರೆ ಗಂಟೆ ಹೊಡೆದರೆ ಬರಬೇಕು ಎಂದು ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೂರನೇ ದಿನದಿಂದ ಬರತೊಡಗಿದರು. ನಾಲ್ಕನೇ ದಿನ ಅವನ ಮಾತಿನ ನಡುವಿನ ವಿರಾಮಗಳು ಮಾಯವಾದವು. ಐದನೇ ದಿನ 'ನಾನು' ಹೋಗಿ 'ನಾವು' ಬಂತು. ಮಧ್ಯಾಹ್ನದ ಡಬ್ಬಿ ಮೆಟ್ಟಿಲು ಬಿಟ್ಟು ಸಂಪಾದಕರ ಕೋಣೆಗೆ ಹೋಯಿತು. ಎರಡನೇ ವಾರದ ಸೋಮವಾರ ಗಂಟೆ ಎರಡು ಸಲ ಬಾರಿಸಿತು. ಎರಡು ಸಲ ಎಂದರೆ ಗುಂಡಕ್ಷರ ಎಂದು ಅಷ್ಟರಲ್ಲಿ ಗೊತ್ತುಮಾಡಿಯಾಗಿತ್ತು.

"ಬಾ, ಕೂತ್ಕೋ," ಎಂದ.

ಅವಳು ಹಿಂದೆ ತಿರುಗಿ ನೋಡಿದಳು, ಬೇರೆ ಯಾರಾದರೂ ಬಂದಿದ್ದಾರೇನೋ ಎಂದು. ಯಾರೂ ಇರಲಿಲ್ಲ. ನಾಲ್ಕು ವರ್ಷದ 'ನೀವು' ಒಂದು ವಾರದ ಕುರ್ಚಿಯಲ್ಲಿ ಸವೆದು 'ನೀನು' ಆಗಿತ್ತು. ಅದೇ 'ನೀನು' ಮೆಟ್ಟಿಲ ಮೇಲೆ, ಡಬ್ಬಿ ಮುಚ್ಚುವಾಗ, ತಪ್ಪಿ ಬಾಯಿಂದ ಬಂದಿದ್ದರೆ ಅವಳು ಆ ದಿನವೆಲ್ಲ ಒಬ್ಬಳೇ ನಗುತ್ತಿದ್ದಳೇನೋ. ಮೇಜಿನ ಆ ಕಡೆಯಿಂದ ಬಂದಾಗ ಅದು ಗಂಟೆಯ ಮೂರನೇ ಬಡಿತದ ಹಾಗೆ ಕೇಳಿಸಿತು.

"ಹೊಸ ಕಥೆ. ಗಮನ ಇಟ್ಟು ಓದು," ಎಂದು ಒಂದು ಕಟ್ಟು ಹಾಳೆ ಮುಂದಿಟ್ಟ. ನಂತರ ದನಿ ಸ್ವಲ್ಪ ತಗ್ಗಿಸಿ, "ವಿಶೇಷವಾಗಿ ಕೊನೇ ಪುಟ. ಅದರಲ್ಲಿ ನಿನಗೆ ಒಂದು ವಿಷಯ ಇದೆ," ಎಂದ. ಕಿವಿ ಕೆಂಪಾಗಿತ್ತು. ಅಷ್ಟು ಮಾತ್ರ ಹಳೆಯ ಮನುಷ್ಯ.

ಕಥೆಯ ಹೆಸರು 'ಮೂರು ದಿನದ ಮಹಾಬಲ'. ಪ್ರವಾಹದಲ್ಲಿ ಉಲ್ಕಾರಾಣಿಯ ಕ್ಲಿಪ್ಪು ಕಳೆದುಹೋಗುತ್ತದೆ. ಅದು ಹವಾಮಾನದವನ ಅಂಗಿಯ ಜೇಬಿಗೆ ಬಂದು ಬೀಳುತ್ತದೆ. ಪ್ರವಾಹಕ್ಕೂ ಅವನ ಮೇಲೆ ಅಷ್ಟು ಅಭಿಮಾನ. ಅವನಿಗೆ ಶಕ್ತಿ ಬರುತ್ತದೆ. ಹನ್ನೊಂದು ವರ್ಷ ಅವಳು ಕಷ್ಟಪಟ್ಟು ಮಾಡಿದ್ದನ್ನು ಅವನು ಮೊದಲ ದಿನವೇ ಎಡಗೈಯಲ್ಲಿ ಮಾಡುತ್ತಾನೆ. ಬೀಳುತ್ತಿದ್ದ ಸೇತುವೆ ಹಿಡಿಯುತ್ತಾನೆ; ಅದನ್ನು ಕಂಡು ಅವಳು ಹಣೆಗೆ ಕೈಯಿಟ್ಟು, ಕಣ್ಣು ಮುಚ್ಚಿ, "ಆಹಾ, ಪುರುಷಶ್ರೇಷ್ಠ!" ಎಂದು ಮೂರ್ಛೆಹೋಗುತ್ತಾಳೆ. ಮೂರನೇ ದಿನ ಸಂಜೆ ಶಕ್ತಿ ಇಳಿದುಹೋಗುತ್ತದೆ. ಕೊನೆಯ ಚಿತ್ರದಲ್ಲಿ ಅವನು ಮನೆಯ ಬಾಗಿಲಲ್ಲಿ ಕೈಚಾಚಿ ನಿಂತಿದ್ದಾನೆ, ಹಿಂದೆ ಅಡುಗೆಮನೆಯ ಒಲೆ ಕಾಣುತ್ತದೆ. ಅವಳು ರೆಕ್ಕೆಬಟ್ಟೆ ಬಿಚ್ಚಿ ಅವನ ಕೈಗೆ ಕೊಡುತ್ತ ಹೇಳುತ್ತಾಳೆ: "ಸ್ವಾಮಿ, ನಿಮ್ಮ ಶಕ್ತಿ ಹೋಯಿತು; ನನ್ನದು ನನಗಿನ್ನು ಬೇಡ. ನಿಮ್ಮ ಅಡುಗೆಮನೆಯೇ ನನ್ನ ಆಕಾಶ."

ಗುಂಡಕ್ಷರ ಅದನ್ನು ಎರಡು ಸಲ ಓದಿದಳು. 'ಶ್ರೇಷ್ಠ' ಎಂಬಲ್ಲಿ ಒತ್ತು ಹೇಗೆ ಕೂರಿಸುವುದು ಎಂಬ ಯೋಚನೆ ಮೊದಲು ಬಂತು, ರೂಢಿಯಿಂದ. ಆಮೇಲೆ ಉಳಿದದ್ದು ಬಂತು.

"ಉಲ್ಕಾರಾಣಿ ಅಡುಗೆಮನೆ ಸೇರಿದ್ರೆ ಮುಂದಿನ ವಾರ ಏನು ಮಾಡೋದು?" ಎಂದು ಕೇಳಿದಳು.

"ತಲೆಗೆ ಪೆಟ್ಟು ಬಿದ್ದು ಎಲ್ಲಾ ಮರೆತಳು ಅಂತ ಮಾಡಿದ್ರಾಯ್ತು. ಅದು ಕಥೆ. ನಮ್ಮ ವಿಷಯ ಹೇಳು. ನೀನು ಎಷ್ಟು ದಿನ ಅಂತ ಆ ಬಸ್ಸಲ್ಲಿ ನೇತಾಡ್ತೀಯ? ಆರಾಮಾಗಿ ಮನೇಲಿರಬಹುದು."

ಅವಳು ಹಾಳೆಗಳನ್ನು ಎತ್ತಿಕೊಂಡು ಎದ್ದಳು. "ಗಮನ ಇಟ್ಟು ಬರೀತೀನಿ," ಎಂದಳು.

ಸಂಜೆ ಅಡುಗೆಮನೆಯಲ್ಲಿ, ಅಂದರೆ ಆ ಆಕಾಶದಲ್ಲಿ, ತರಕಾರಿ ಹೆಚ್ಚುತ್ತ ಅತ್ತಿಗೆಗೆ ಇಡೀ ಕಥೆ ಹೇಳಿದಳು. ಅಂತೂ ಇಂತೂ ಅವನು ಬಾಯಿಬಿಟ್ಟ ಎಂದು ಅತ್ತಿಗೆಗೆ ಮೊದಲು ಖುಷಿಯೇ ಆಯಿತು. ಕೊನೆಯ ಮಾತು ಕೇಳಿದ ಮೇಲೆ ಚಾಕು ಕೆಳಗಿಟ್ಟಳು.

"ಆಕಾಶ ಅಂದ್ನಾ ಇದನ್ನ?" ಎಂದು ಸುತ್ತ ನೋಡಿದಳು. ಕಿಟಕಿಯ ಗಾಜಿಗೆ ಜಿಡ್ಡು ಹಿಡಿದಿತ್ತು, ಮೂಲೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. "ಒಂದು ದಿನ ಬಂದು ಹಾರಲಿ ಇಲ್ಲಿ. ಜಾಗ ಬಿಟ್ಟುಕೊಡ್ತೀನಿ."

ನಾದಿನಿ ನಗಲು ಹೋಗಿ ಅತ್ತುಬಿಟ್ಟಳು. ಈರುಳ್ಳಿಯ ಮೇಲೆ ಹಾಕೋಣವೆಂದರೆ ಆ ದಿನ ಹೆಚ್ಚುತ್ತಿದ್ದದ್ದು ಸೋರೆಕಾಯಿ. "ಅವರು ಹಾಗಿರ್ಲಿಲ್ಲ ಅತ್ತಿಗೆ," ಎಂದಳು. ಅತ್ತಿಗೆ ಆ ಸಂಜೆ ಮತ್ತೆ ವಿಚಾರಣೆ ಮಾಡಲಿಲ್ಲ.

ಗುಂಡಕ್ಷರ ಹದಿನೈದು ಪುಟಗಳನ್ನು ಇದ್ದದ್ದು ಇದ್ದ ಹಾಗೆ ಬರೆದಳು. ಸೇತುವೆಯ ಚಿತ್ರದ ಗುಳ್ಳೆಯೊಂದನ್ನು ಮಾತ್ರ ಖಾಲಿ ಬಿಟ್ಟಿದ್ದಳು. ಗುರುವಾರ ಬೆಳಗ್ಗೆ ಕೊನೆಯ ಪುಟ ಮೇಜಿಗೆ ಬಂತು. ಚಿತ್ರಗಾರರು ಆಗಲೇ ಶಾಯಿ ಹಾಕಿಯಾಗಿತ್ತು. ಚಿತ್ರ ಬದಲಾಗುವ ಹಾಗಿರಲಿಲ್ಲ. ಬಾಗಿಲಲ್ಲಿ ಅವನು, ಚಾಚಿದ ಕೈ. ಎದುರಿಗೆ ಅವಳು, ಬಟ್ಟೆ ಹಿಡಿದ ಕೈ. ಗುಂಡಕ್ಷರ ನಿಬ್ಬು ಕೈಯಲ್ಲಿ ಹಿಡಿದು ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಬರೆದ ಮಾತನ್ನು ಮರೆತು ಬರೀ ಚಿತ್ರ ನೋಡಿದರೆ ಅದರಲ್ಲಿ ಯಾರೂ ಯಾರಿಗೂ ಶರಣಾಗಿರಲಿಲ್ಲ. ಒಬ್ಬಳು ಕೆಲಸ ಮುಗಿಸಿ ಮನೆಗೆ ಬಂದಿದ್ದಳು, ಅಷ್ಟೇ.

ಅವಳು ಗೆರೆ ಎಳೆದು, ಶಾಯಿ ಅದ್ದಿ, ನಿಧಾನವಾಗಿ ಬರೆದಳು: "ತಗೊಳ್ಳಿ. ಒಗೆದು ನೆರಳಲ್ಲಿ ಒಣಹಾಕಿ. ನಾಳೆ ಬೆಳಗ್ಗೆ ಮತ್ತೆ ಹಾರೋದಿದೆ."

ಆಮೇಲೆ ಸೇತುವೆಯ ಪುಟ ತೆಗೆದಳು. ಹಣೆಗೆ ಕೈಯಿಟ್ಟು ಕಣ್ಣುಮುಚ್ಚಿದ ಉಲ್ಕಾರಾಣಿಯ ತಲೆಯ ಮೇಲೆ, "ಅಯ್ಯೋ, ಒಂದು ಸೇತುವೆ ಹಿಡಿಯೋಕೆ ಇಷ್ಟು ಗಲಾಟೆನಾ!" ಎಂದು ಬರೆದಳು. ಒಂದೂ ಒತ್ತು ಗೆರೆ ದಾಟಲಿಲ್ಲ.

ಇದೆಲ್ಲ ಸಿಕ್ಕಿಬೀಳಬೇಕಾಗಿದ್ದದ್ದು ಪ್ರೂಫಿನಲ್ಲಿ. ಆದರೆ ಪ್ರೂಫು ನೋಡುವವನು ಸಂಪಾದಕನಾಗಿದ್ದ; ಸಂಪಾದಕನಾದವನು ಪ್ರೂಫು ನೋಡುವುದು ಸ್ಥಾನಕ್ಕೆ ತಕ್ಕುದಲ್ಲ ಎಂದು ಮೊದಲ ವಾರವೇ ತೀರ್ಮಾನಿಸಿದ್ದ. ಹದಿನಾರು ಹಾಳೆಗಳ ಹಿಂಬದಿಯಲ್ಲೂ 'ಮುದ್ರಣಕ್ಕೆ ಯೋಗ್ಯ' ಎಂಬ ಠಸ್ಸೆ ಒತ್ತಿ ಸಹಿ ಹಾಕಿದ. ಸಹಿಯೂ ಈಚೆಗೆ ಬಹಳ ಉದ್ದವಾಗಿತ್ತು.

ಶನಿವಾರ ಪತ್ರಿಕೆ ಹೊರಬಂತು. ಹತ್ತು ಗಂಟೆಗೆ ಗಂಟೆ ಬಾರಿಸಲಿಲ್ಲ. ಅವನೇ ಅವಳ ಮೇಜಿನ ಹತ್ತಿರ ಬಂದ. ಸಂಚಿಕೆಯ ಕೊನೆಯ ಪುಟ ತೆರೆದು ಮುಂದಿಟ್ಟ.

"ನಾನು ಬರೆದದ್ದು ಇದಲ್ಲ."

"ಹೌದು. ನೀವು ಬರೆದದ್ದು ಗುಳ್ಳೆಯೊಳಗೆ ಹಿಡಿಸ್ಲಿಲ್ಲ."

"ಅದು ನಿನಗೆ ಅಂತ ಬರೆದದ್ದು! ಅರ್ಥ ಆಗ್ಲಿಲ್ವಾ?"

"ಅರ್ಥ ಆಗಿದ್ದಕ್ಕೇ ಉತ್ತರ ಬರೆದೆ."

"ಇಡೀ ಊರು ಓದುತ್ತೆ ಇದನ್ನ."

"ನೀವು ಕೇಳಿದ್ದೂ ಇಡೀ ಊರಿನ ಮುಂದೇನೇ."

ಅವನು ಯಜಮಾನರಿಗೆ ಹೇಳುತ್ತೇನೆ, ಕೆಲಸದಿಂದ ತೆಗೆಸುತ್ತೇನೆ ಎಂದೆಲ್ಲ ಎಗರಾಡಿದ. ಅವಳು ಹಾಳೆಯ ಹಿಂಬದಿಯ ಸಹಿಯನ್ನು ತೋರಿಸಿದಳು. ಅದನ್ನು ನೋಡಿ ಅವನ ಮಾತಿನ ನಡುವೆ ಹಳೆಯ ವಿರಾಮಗಳು ಒಂದೊಂದಾಗಿ ತಲೆಹಾಕಿದವು. ಕೊನೆಗೆ ಪೂರ್ಣವಿರಾಮವೇ ಬಿದ್ದು, ಬಾಗಿಲು ಹಾಕಿಕೊಂಡು ಒಳಗೆ ಕೂತ. ಗೆದ್ದವಳು ಆ ದಿನ 'ಉಲ್ಕಾರಾಣಿ' ಎಂಬ ನಾಲ್ಕಕ್ಷರವನ್ನೇ ಮೂರು ಸಲ ಕೆಡಿಸಿ ಬಿಳಿ ಬಣ್ಣ ಬಳಿದಳು.

ಮುಂದಿನ ವಾರ ಪತ್ರಗಳು ಬಂದವು. ಒಂದು ಚೀಲವಲ್ಲ, ಮೂರು. ಉಲ್ಕಾರಾಣಿ ಹನ್ನೊಂದು ವರ್ಷದಲ್ಲಿ ಮೊದಲ ಸಲ ಮನುಷ್ಯರ ಹಾಗೆ ಮಾತಾಡಿದಳು ಎಂದು ಒಬ್ಬ ಶಾಲಾ ಶಿಕ್ಷಕಿ ಬರೆದಿದ್ದರು. ಕೊನೆಯ ಪುಟ ಕತ್ತರಿಸಿ ಬಟ್ಟೆ ಒಗೆಯುವ ಕಲ್ಲಿನ ಮೇಲಿನ ಗೋಡೆಗೆ ಅಂಟಿಸಿದ್ದೇನೆ, ಗಂಡ ಎರಡು ದಿನದಿಂದ ಆ ಕಡೆ ಬರುತ್ತಿಲ್ಲ ಎಂದು ಇನ್ನೊಬ್ಬಾಕೆ. ನಾಚಿಕೊಳ್ಳುತ್ತಿದ್ದ ಗಂಡಸರೂ ನಕ್ಕು ಬರೆದಿದ್ದರು. ಯಜಮಾನರು ಎಲ್ಲವನ್ನೂ ಓದಿ, ತಾವೇ ಎರಡು ಮಹಡಿ ಹತ್ತಿ ಬಂದರು. ಆ ಕಟ್ಟಡದಲ್ಲಿ ಇದು ಪ್ರವಾಹಕ್ಕಿಂತ ಅಪರೂಪದ ಘಟನೆ.

"ಏನು ತಲೆ ರೀ ನಿಮ್ಮದು! ಒಗೆದು ಒಣಹಾಕಿ ಅಂತೆ! ಇಷ್ಟು ದಿನ ಪ್ರೂಫು ತಿದ್ಕೊಂಡು ಕೂತಿದ್ರಲ್ಲ!" ಎಂದು ಅಲ್ಪವಿರಾಮನ ಕೈ ಹಿಡಿದು ಕುಲುಕಿದರು.

ಗುಂಡಕ್ಷರ ತನ್ನ ಮೇಜಿನಿಂದ ನೋಡುತ್ತಿದ್ದಳು. ಅವನೂ ಅವಳ ಕಡೆ ಒಮ್ಮೆ ನೋಡಿದ. ಬಾಯಿ ತೆರೆದ. ಪದ ಹುಡುಕಿದ. ಅಷ್ಟರಲ್ಲಿ ಯಜಮಾನರು ಬೆನ್ನು ತಟ್ಟಿದರು. ಹೊಗಳಿಕೆ ಎಷ್ಟು ಬೆಚ್ಚಗಿರುತ್ತದೆ ಎಂದು ಪ್ರೂಫು ತಿದ್ದುವವರಿಗೆ ಗೊತ್ತಿರುವುದಿಲ್ಲ. ಜೀವಮಾನದಲ್ಲಿ ಒಮ್ಮೆಯೂ ಸಿಕ್ಕಿರುವುದಿಲ್ಲ. "ಏನೋ, ಹಾಗೆ ಹೊಳೀತು," ಎಂದ.

ಆ ಕ್ಷಣದಲ್ಲಿ ಅವಳಿಗೆ ಅವನ ಮೇಲೆ ಬಂದದ್ದು ಕೋಪವಲ್ಲ, ಬೇಸರ. ಕೋಪವಾಗಿದ್ದರೆ ಇಳಿಯುತ್ತಿತ್ತು.

ಉಳಿದ ವಾರಗಳಲ್ಲಿ ಹೊಳೆಯಲಿಲ್ಲ. ಅವನು ತಾನೇ ಬರೆದ, ಅವಳು ಒಂದು ಚುಕ್ಕೆಯನ್ನೂ ಬದಲಿಸದೆ ಗುಳ್ಳೆ ತುಂಬಿದಳು. ಮೊದಲ ವಾರ ಉಲ್ಕಾರಾಣಿಯ ತಲೆಗೆ ಪೆಟ್ಟು ಬಿತ್ತು. ಎರಡನೇ ವಾರ ನೆನಪು ಬಂತು. ಓದುಗರು ಎರಡನ್ನೂ ಕ್ಷಮಿಸಲಿಲ್ಲ. ಒಂದು ಕಾರ್ಡಿನಲ್ಲಿ ಒಂದೇ ಸಾಲು: "ಸ್ವಾಮಿ, ಪೆಟ್ಟು ಬಿದ್ದದ್ದು ಯಾರ ತಲೆಗೆ?"

ಆರನೇ ವಾರ ಸಂಪಾದಕರು ದಪ್ಪ ಕನ್ನಡಕ ಹಾಕಿಕೊಂಡು ವಾಪಸಾದರು. ಗಂಟೆ ಮತ್ತೆ ಕಾಗದಗಳ ಮೇಲೆ ಕೂತಿತು. ಅಲ್ಪವಿರಾಮ ತನ್ನ ಹಳೆಯ ಮೇಜಿಗೆ ಬಂದು, ಸೊಟ್ಟ ಕಾಲಿನ ಕುರ್ಚಿಗೆ ಮಡಿಸಿದ ಕಾಗದ ಆನಿಸಿ ಕುಳಿತ. ಆ ದಿನವೇ ಸಂಪಾದಕರ ಮುಂದೆ ಹಳೆಯ ಸಂಚಿಕೆ ಇಟ್ಟ. ಕೊನೆಯ ಪುಟದ ಅಂಚಿನಲ್ಲಿ, ಪ್ರೂಫು ತಿದ್ದುವ ಸಣ್ಣ ಅಕ್ಷರದಲ್ಲಿ ಬರೆದಿದ್ದ: "ಈ ಮಾತುಗಳು ನನ್ನವಲ್ಲ. ಅಕ್ಷರ ಬರೆದವರದ್ದು. ಯಜಮಾನರ ಮುಂದೆ ನಾನು ಸುಳ್ಳು ಹೇಳಿದೆ. ದಯವಿಟ್ಟು ತಿದ್ದಬೇಕು." ಆಮೇಲೆ ಅದೇ ಮಾತನ್ನು ಯಜಮಾನರ ಮುಂದೆ ನಿಂತು ಬಾಯಲ್ಲೂ ಹೇಳಿದ. ಹೇಳಿ ಮುಗಿಸಲು ಹತ್ತು ನಿಮಿಷ ಹಿಡಿಯಿತಂತೆ. ಅಷ್ಟು ಹೊತ್ತು ಯಜಮಾನರು ಯಾರಿಗೋ ಕಾಯಿಲೆ ಎಂದು ಭಾವಿಸಿದ್ದರಂತೆ.

ಸಂಪಾದಕರು ಗುಂಡಕ್ಷರಳನ್ನು ಕರೆದರು. "ನನ್ನ ಕಣ್ಣು ಇನ್ನು ಹೆಚ್ಚು ಬರೆಯೋಕೆ ಬಿಡಲ್ಲಮ್ಮ. ಉಲ್ಕಾರಾಣಿಯನ್ನ ನೀನೇ ನೋಡ್ಕೋ."

"ಹೆಸರು ಹಾಕ್ತೀರಾ ಸಾರ್?"

"ಹೆಸರಾ?" ಅವರು ಕನ್ನಡಕ ಒರೆಸಿದರು. "ನನ್ನ ಹೆಸರನ್ನೇ ಹನ್ನೊಂದು ವರ್ಷ ಹಾಕಿರ್ಲಿಲ್ಲ."

"ಹಾಗಾದ್ರೆ ಇಬ್ಬರದ್ದೂ ಹಾಕೋಣ."

ಯಜಮಾನರು ಒಂದು ತಿಂಗಳು ಚೌಕಾಸಿ ಮಾಡಿ, ಹೆಣ್ಣಿನ ಹೆಸರಾದರೆ ಓದುಗರು ಏನೆಂದುಕೊಳ್ಳುತ್ತಾರೋ ಎಂದು, ಸಂಪಾದಕರ ಹೆಸರಿನ ಜೊತೆ 'ಗುಂಡಕ್ಷರ' ಎಂದೇ ಹಾಕಿಸಿದರು. ಎರಡು ವರ್ಷಗಳ ಕಾಲ ಅವಳಿಗೆ "ಮಾನ್ಯ ಗುಂಡಕ್ಷರ ಅಣ್ಣನವರಿಗೆ" ಎಂದು ಅಭಿಮಾನದ ಪತ್ರಗಳು ಬಂದವು. ಹೆಂಗಸರ ಮನಸ್ಸು ಇಷ್ಟು ಚೆನ್ನಾಗಿ ಬಲ್ಲ ಗಂಡಸನ್ನು ತಾನು ಕಂಡಿಲ್ಲ ಎಂದು ಒಬ್ಬಾಕೆ ಮದುವೆಯ ಪ್ರಸ್ತಾಪವನ್ನೂ ಕಳಿಸಿದ್ದಳು. ಅತ್ತಿಗೆ ಅದನ್ನು ಓದಿ, "ಇವಳಾದ್ರೂ ನೇರವಾಗಿ ಕೇಳಿದ್ಲು ನೋಡು," ಎಂದಳು.

ಅಲ್ಪವಿರಾಮ ಏಳು ತಿಂಗಳು ಮೆಟ್ಟಿಲ ಕಡೆ ಬರಲಿಲ್ಲ. ಎಂಟನೇ ತಿಂಗಳು ಒಂದು ಮಧ್ಯಾಹ್ನ ಡಬ್ಬಿ ಹಿಡಿದು ಬಂದು, ಅವಳಿಗಿಂತ ಎರಡು ಮೆಟ್ಟಿಲು ಕೆಳಗೆ ನಿಂತ.

"ಕೂತ್ಕೋಬಹುದಾ?"

"ಮೆಟ್ಟಿಲು ಯಜಮಾನರದ್ದು."

ಕೂತ. ಅರ್ಧ ಡಬ್ಬಿ ಖಾಲಿಯಾದ ಮೇಲೆ, "ನನಗೆ... ಆ ಐದು ವಾರ... ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ," ಎಂದ. "ನೀವು ಕ್ಷಮಿಸಿ ಅಂತ ಕೇಳ್ತಿಲ್ಲ. ಹೇಳಬೇಕಿತ್ತು, ಹೇಳಿದೆ."

"ಗಂಟೆ ಬಾರಿಸಿದ್ದಕ್ಕಾ, ಕಥೆ ಬರೆದಿದ್ದಕ್ಕಾ?"

"ಕಥೆ," ಎಂದು, ಸ್ವಲ್ಪ ತಡೆದು, "ಅದು ತುಂಬಾ ಕೆಟ್ಟದಾಗಿತ್ತು ಕೂಡ," ಎಂದ.

ಅವಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಒಂದೇ ಮೆಟ್ಟಿಲಿಗೆ ಬರಲು ಈ ಸಲವೂ ಒಂದು ವರ್ಷ ಹಿಡಿಯಿತು. ಅವಳೇನೂ ಅವಸರ ಮಾಡಲಿಲ್ಲ. ಕಡೆಗೆ ಕೇಳಿದ್ದು ಅವಳೇ, ಸಾಮಾನ್ಯ ಮಂಗಳವಾರವೊಂದು, ಕೈ ತೊಳೆಯುತ್ತ: "ಮದ್ವೆ ಆಗೋಣ್ವಾ? ನಾನು ಕೆಲಸ ಬಿಡಲ್ಲ. ಆಮೇಲೆ ಗೊತ್ತಿರ್ಲಿಲ್ಲ ಅನ್ಬೇಡಿ." ಅವನು ವಿರಾಮವಿಲ್ಲದೆ ಹೂಂ ಎಂದ.

ನೋಂದಣಿ ಕಚೇರಿಯಲ್ಲಿ ಅಣ್ಣ, ಅತ್ತಿಗೆ, ಚಿತ್ರಗಾರರು ಸಾಕ್ಷಿಗಳು. ಗುಮಾಸ್ತ ಪುಸ್ತಕದಲ್ಲಿ ಸರಸರ ಬರೆದು, ಸಹಿ ಮಾಡಿ ಎಂದು ಇವರ ಕಡೆ ತಿರುಗಿಸಿದ. ಅಲ್ಪವಿರಾಮ ಸಹಿ ಹಾಕದೆ ಓದತೊಡಗಿದ. ಮೇಲಿನಿಂದ ಕೆಳಗೆ, ಪ್ರತಿ ಅಕ್ಷರ. ಹಿಂದೆ ಕಾಯುತ್ತಿದ್ದ ಇನ್ನೊಂದು ಜೋಡಿ ಕೆಮ್ಮಿತು.

"ಸಾರ್, ಇಲ್ಲಿ ಒಂದು ತಪ್ಪಿದೆ. ವಧುವಿನ ಉದ್ಯೋಗ ಅನ್ನೋ ಕಡೆ ಗೃಹಿಣಿ ಅಂತ ಇದೆ."

"ಮದ್ವೆ ಆದ್ಮೇಲೆ ಅದೇ ಅಲ್ವೇನ್ರೀ?" ಎಂದ ಗುಮಾಸ್ತ.

ಅಲ್ಪವಿರಾಮ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಆ ಪದವನ್ನು ಹೊಡೆದುಹಾಕಿ, ಅಂಚಿಗೆ ಗೆರೆ ಎಳೆದು, 'ಲೇಖಕಿ' ಎಂದು ಬರೆದುಬಿಟ್ಟ. ಸರ್ಕಾರಿ ಪುಸ್ತಕದಲ್ಲಿ. ಗುಮಾಸ್ತ ಪುಸ್ತಕ ಎತ್ತಿಕೊಂಡು ಒಳಗೆ ಓಡಿದ. ತಿದ್ದಿದ ನಮೂದು ಊರ್ಜಿತವಲ್ಲ, ಹೊಸ ಅರ್ಜಿ ಕೊಡಬೇಕು, ಇನ್ನೊಂದು ವಾರ ಕಾಯಬೇಕು ಎಂದು ಒಳಗಿನಿಂದ ಅಧಿಕಾರಿಯೇ ಬಂದು ಕೂಗಾಡಿದರು.

"ಮನೇಲಿ ಮೂವತ್ತು ಜನಕ್ಕೆ ಅಡುಗೆ ಆಗಿದೆ!" ಎಂದು ಅತ್ತಿಗೆ ಅಲ್ಪವಿರಾಮನ ಮೇಲೆ ರೇಗಿದಳು. "ಇನ್ನೊಂದು ವಾರ ಬಿಟ್ಟು ತಿದ್ದಿದ್ರೆ ಆಗ್ತಿರ್ಲಿಲ್ವಾ?"

"ಅಚ್ಚಾದ್ಮೇಲೆ... ತಿದ್ದೋಕಾಗಲ್ಲ ಅತ್ತಿಗೆ," ಎಂದ ಅವನು.

ಗುಂಡಕ್ಷರ ಗೋಡೆಗೊರಗಿ ನಿಂತು, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಇಷ್ಟು ವರ್ಷದಲ್ಲಿ ಯಾರೂ ಕೇಳದ ಚಿತ್ರಗಾರರ ದನಿ ಆಗ ಕೇಳಿಸಿತು. "ಊಟ ಆರೋಗುತ್ತೆ," ಎಂದರು ಅವರು. ಎಲ್ಲರೂ ಮನೆಗೆ ಹೋಗಿ ಆಗದ ಮದುವೆಯ ಊಟವನ್ನು ಹೊಟ್ಟೆತುಂಬ ಉಂಡರು. ಮದುವೆ ಮುಂದಿನ ಬುಧವಾರ ಆಯಿತು. ಆ ದಿನ ಊಟಕ್ಕೆ ಯಾರನ್ನೂ ಕರೆದಿರಲಿಲ್ಲ.